ಸಂಖ್ಯೆ ನಾಲ್ಕು ಸೊನ್ನೆ ಒಂಬತ್ತು

ಹೆಸರು ಹೇಳಿ, ಹುಟ್ಟಿದ ತಾರೀಖು ಹೇಳಿ.
ಬಾಗಿಲಲ್ಲಿ ಒಮ್ಮೆ, ಕಿಟಕಿಯಲ್ಲಿ ಒಮ್ಮೆ,
ಹಸಿರು ಪರದೆಯ ಒಳಗೆ ಮತ್ತೊಮ್ಮೆ.
ಗದಿಗೆಪ್ಪ. ಜೂನ್ ಒಂದು.
ಜೂನ್ ಒಂದು ಸಾಲಿ ಮಾಸ್ತರರು ಕೊಟ್ಟ ತಾರೀಖು,
ನಿಜವಾದದ್ದು ಅವ್ವನ ಜೊತೆ ಹೋಯಿತು.
ಅದೊಂದಾದರೂ ಇವರ ಕಂಪ್ಯೂಟರಿಗೆ ಸಿಕ್ಕಿಲ್ಲ.

ಲೆಸ್ಟರಿನ ಬಿಸ್ಕೀಟು ಕಾರ್ಖಾನೆ,
ಇಪ್ಪತ್ತಾರು ವರ್ಷ ರಾತ್ರಿ ಪಾಳಿ.
ಅಲ್ಲಿಗೆ ಸಾಲುತ್ತಿದ್ದ ಇಂಗ್ಲಿಷು
ಇಲ್ಲಿ ಸೊಂಟದ ಕೆಳಗೆ ಇಳಿಯಲಿಲ್ಲ.
ಮಗಳನ್ನು ಕರೆಯಲೇ? ಬೇಡ.
ಆ ಪ್ರಶ್ನೆಗಳು ಮಗಳ ಬಾಯಲ್ಲಿ ಬೇಡ.
ಹಾಗಾದರೆ ದುಭಾಷಿ, ಅಂದಳು ನರ್ಸು.
ಮೇಜಿನ ಮೇಲೆ ಫೋನಿಟ್ಟು ದನಿ ದೊಡ್ಡದು ಮಾಡಿದಳು.

"ನಮಸ್ಕಾರ. ದುಭಾಷಿ, ಸಂಖ್ಯೆ ನಾಲ್ಕು ಸೊನ್ನೆ ಒಂಬತ್ತು.
ಇಲ್ಲಿ ಆಡಿದ ಮಾತು ಇಲ್ಲೇ ಉಳಿಯುತ್ತದೆ."

ಎರಡನೇ ಶಬ್ದಕ್ಕೇ ಗೊತ್ತಾಯಿತು.
ಮೈಸೂರು ಕಡೆಯ ಆ ಎಳೆತ,
ಮಾತು ಮುಗಿಯುವ ಮೊದಲು ಒಂದು ಸಣ್ಣ ಕೆಮ್ಮು.
ಯುಗಾದಿಗೆ ಬಾಡಿಗೆಯ ಹಾಲಿನಲ್ಲಿ ಮೈಕು ಹಿಡಿದು
"ಊಟದ ಸಾಲು ಎಡಗಡೆ" ಎನ್ನುವ ದನಿ.
ಹೆಸರೂ ಗೊತ್ತು. ಇಲ್ಲಿ ಬರೆಯುವುದಿಲ್ಲ.
ನನ್ನ ಹೆಸರು ಕೇಳಿ ಅವಳೂ ಒಂದು ಉಸಿರು ತಡೆದಳು.
ಈ ಊರಲ್ಲಿ ಗದಿಗೆಪ್ಪಂದಿರು ಎಷ್ಟು ಮಂದಿ?

ರಾತ್ರಿ ಎಷ್ಟು ಸಲ ಏಳುತ್ತೀರಿ, ಕೇಳುತ್ತಿದ್ದಾರೆ.
ಧಾರೆ ನಡುವೆ ಕಡಿಯುತ್ತದೆಯೇ, ಕೇಳುತ್ತಿದ್ದಾರೆ.
ಹೆಂಡತಿಯೊಡನೆ, ಸಣ್ಣ ಕೆಮ್ಮು,
ಈಗಲೂ ಆಗುತ್ತದೆಯೇ, ಕೇಳುತ್ತಿದ್ದಾರೆ.
ಕೇಳುವವಳು ನಾನಲ್ಲ, ಅವರು.
ಆ ಒಂದು ಪದವನ್ನು ಪ್ರತಿ ಸಲವೂ
ಚಾದರದ ಹಾಗೆ ನನ್ನ ಮೇಲೆ ಎಳೆದಳು.
ನಾನು ಗೋಡೆ ಮೇಲಿನ ಕೈತೊಳೆಯುವ ಚಿತ್ರಕ್ಕೆ
ಉತ್ತರ ಹೇಳಿದೆ.

ಮೂರು ಲೋಟ ನೀರು ಕುಡಿದು, ತಡೆದುಕೊಂಡು,
ಹಿಂದೆ ಕಟ್ಟುವ ಅಂಗಿ ತೊಟ್ಟು
ಅಯಸ್ಕಾಂತದ ಕೋಣೆಯ ಮುಂದೆ ನಿಂತಾಗ,
"ಕೊರಳಲ್ಲಿರೋ ಬೆಳ್ಳಿ ತೆಗೀಬೇಕಂತೆ."

ಕರಡಿಗೆ.
ಒಳಗಿನ ಲಿಂಗವನ್ನು ಹೆಂಡತಿಯೂ ಮುಟ್ಟಿಲ್ಲ.
ಎಡ ಅಂಗೈ, ಸ್ನಾನದ ನಂತರದ ಹತ್ತು ನಿಮಿಷ,
ನಾನು, ಅದು.
ನರ್ಸು ನೀಲಿ ಪ್ಲಾಸ್ಟಿಕ್ ತಟ್ಟೆ ಚಾಚಿದಳು.
ತಟ್ಟೆಗೂ ನನ್ನ ಹೆಸರಿನ ಚೀಟಿ, ಜೂನ್ ಒಂದು.
ಮೈ ಕೊಟ್ಟಿದ್ದೆ. ಉಚ್ಚೆಯ ಲೆಕ್ಕ ಕೊಟ್ಟಿದ್ದೆ.
ಇದಕ್ಕೆ ಕೈ ಏಳಲಿಲ್ಲ.

ಫೋನು ಸುಮ್ಮನಿತ್ತು. ಆಮೇಲೆ
ಯಾರೂ ಹೇಳೆನ್ನದ ಮಾತನ್ನು ಮೆಲ್ಲಗೆ ಹೇಳಿತು:
"ಬೇಡ ಅನ್ನೋದು ಬೆಳ್ಳೀನ ಅಣ್ಣಾ.
ಬಟ್ಟೇಲಿ ಕಟ್ಟಿಕೊಂಡರೆ ಆಗುತ್ತಾ?"
ಅಣ್ಣಾ ಎಂಬುದು ಇಂಗ್ಲಿಷಿಗೆ ಹೋಗಲಿಲ್ಲ.
ನರ್ಸಿಗೆ ಅವಳು ಹೇಳಿದ್ದು ಉದ್ದವಾಗಿತ್ತು,
ಎರಡು ಸಲ ಕ್ಷಮೆ ಕೇಳಿತು, ಪಟ್ಟು ಬಿಡಲಿಲ್ಲ.
ನರ್ಸು ಒಳಗೆ ಯಾರನ್ನೋ ವಿಚಾರಿಸಿ ಬಂದು
ಗಾಯಕ್ಕೆ ಸುತ್ತುವ ಬಿಳಿ ಬಟ್ಟೆ ಕೊಟ್ಟಳು,
ಕೊಟ್ಟು, ಹೇಳಿಸಿಕೊಳ್ಳದೆ
ಬೆನ್ನು ತಿರುಗಿಸಿ ನಿಂತಳು.

ಇನ್ನೊಂದು ದಿನ ಹಚ್ಚೆ.
ಸೊಂಟದ ಎರಡು ಬದಿಗೆ, ಹೊಕ್ಕಳ ಕೆಳಗೆ ಒಂದು,
ಎಳ್ಳು ಕಾಳಿನಷ್ಟು ನೀಲಿ ಚುಕ್ಕಿ.
ಯಂತ್ರಕ್ಕೆ ದಾರಿ ತಪ್ಪಬಾರದಂತೆ.
ಅಜ್ಜಿಯ ಮುಂಗೈಯಲ್ಲಿ ತೊಟ್ಟಿಲಿತ್ತು, ಚೇಳಿತ್ತು.
ಹಾಕಿದವಳು ಹಾಡುತ್ತಾ ಹಾಕಿದಳಂತೆ, ನೋವು ಮರೆಯಲೆಂದು.
ಸತ್ತರೂ ಜೊತೆಗೆ ಬರೋ ಒಡವಿ ಇದೊಂದ, ಅಂತಿದ್ದಳು.
ಇಲ್ಲಿ ರೇಡಿಯೊ ಹವಾಮಾನ ಹೇಳುತ್ತಿತ್ತು:
ನಾಳೆ ಮೋಡ, ಉತ್ತರಕ್ಕೆ ತುಸು ಗಾಳಿ.

ಸೋಮವಾರದಿಂದ ಇಪ್ಪತ್ತು ದಿನ ಕರೆಂಟು ಕೊಡುತ್ತಾರೆ.
ಹಿಂದಿನ ಭಾನುವಾರ ಯುಗಾದಿ ಊಟ.
ಬೇವುಬೆಲ್ಲದ ಬಟ್ಟಲು ಹಿಡಿದು ಅವಳೇ ನಿಂತಿದ್ದಳು.
"ಚೆನ್ನಾಗಿದ್ದೀರಾ?"
ಎಲ್ಲರಿಗೂ ಕೇಳಿದಷ್ಟೇ ಜೋರಾಗಿ, ಅಷ್ಟೇ ಮೆಲ್ಲಗೆ.
"ಆರಾಮ್ರಿ."
ಸಣ್ಣ ಕೆಮ್ಮು.
ಚಮಚ ನನ್ನ ಹಿಂದಿನವನ ಅಂಗೈಗೆ ಹೋಯಿತು.

"ಯಾರ್ರಿ ಅವರು, ಗುರುತಿನವರೇನು?" ಅಂದಳು ಹೆಂಡತಿ.
"ಊಟದ ಸಾಲು ಹೇಳೋರು," ಅಂದೆ.

ಎಲೆಯ ಮುಂದೆ ಕೂತು
ಮೂರು ಲೋಟ ನೀರು ಕುಡಿದು ಗಡಿಯಾರ ನೋಡಿದೆ.
ಮುಕ್ಕಾಲು ತಾಸು.
ತಡೆದುಕೊಳ್ಳುವುದು ರೂಢಿಯಾಗಬೇಕು.