ಹಳದಿ ಗೇಟು

ಹಾಜರಿ ಪುಸ್ತಕದಲ್ಲಿ ಜೂನ್‌ಮಾಯಾ ಪುನ್.
"ಜೂನ್‌ದಾಗ ಹುಟ್ಟಿದಿ ಏನ?" ಅಂದಿದ್ದರು ಹೆಡ್‌ಮಾಸ್ತರರು.
"ಅಲ್ರಿ ಸರ, ಜೂನ್ ಅಂದ್ರ ಬೆಳದಿಂಗಳ್ರಿ ನಮ್ಮಲ್ಲಿ."
ಹುಟ್ಟಿದ್ದು ರೋಲ್ಪಾದ ಯಾವುದೋ ಏರಿನಲ್ಲಿ, ಮಾಘದ ಚಳಿಗೆ;
ಅಕ್ಷರ ತಿದ್ದಿದ್ದು ಹುಬ್ಬಳ್ಳಿಯ ಕೇಶ್ವಾಪುರದಲ್ಲಿ,
ಸೋರುವ ಮೂಲೆ ಬಿಟ್ಟು ಕೂತು.

ಈ ಸಲ ಕನ್ನಡದಲ್ಲಿ ನೂರಾ ಇಪ್ಪತ್ತೈದಕ್ಕೆ ನೂರಾ ಹದಿನೇಳು.
ಸ್ಟಾಫ್ ರೂಮಿನಲ್ಲಿ ಚಹಾ ಆರುವವರೆಗೂ ಅದೇ ಮಾತು:
"ನಮ್ಮ ಹುಡುಗರಿಗೆ ಅಲ್ಪಪ್ರಾಣ ಮಹಾಪ್ರಾಣ ತಿಳಿಯಂಗಿಲ್ಲ,
ಗೂರ್ಖಾನ ಮಗಳಿಗೆ ಹ್ಯಾಂಗ ಬಂತು?"
ನಾನು ಉತ್ತರಪತ್ರಿಕೆ ಮತ್ತೊಮ್ಮೆ ತಿರುವಿದೆ,
ತಪ್ಪು ಹುಡುಕಲಿಕ್ಕೆ, ಈಗ ಒಪ್ಪಿಕೊಳ್ಳುತ್ತೇನೆ.
ಲೋಪಸಂಧಿಗೆ ಬರೆದಿದ್ದಳು:
ಊರು, ಊರು, ಊರೂರು. ಸೇರುವಾಗ ಒಂದು ಉಕಾರ ಹೋಗುತ್ತದೆ.
ಅದೂ ಸರಿಯೇ ಇತ್ತು.

ಪಾಲಕರ ಸಭೆಗೆ ಅಪ್ಪ ಬಂದ,
ರಾತ್ರಿಯ ಕಣ್ಣು ಇನ್ನೂ ಮುಚ್ಚದೆ, ಕೊರಳಲ್ಲಿ ಸೀಟಿ ಹಾಗೇ.
ಹನ್ನೊಂದು ವರ್ಷದಿಂದ
ಒಂದನೇ ತಾರೀಖು ನಮ್ಮ ಗೇಟು ಬಡಿದು
ಮೂವತ್ತು ರೂಪಾಯಿ ಒಯ್ಯುವವ.
ಹೆಸರು ಕೇಳಿರಲಿಲ್ಲ. "ಗೂರ್ಖಾ ಬಂದ" ಅನ್ನುತ್ತಿದ್ದೆವು
"ಹಾಲು ಬಂತು" ಅಂದ ಹಾಗೆ.
ಟೇಕ್‌ಬಹದ್ದೂರ್ ಅಂತೆ. ಹೆಬ್ಬೆಟ್ಟು ಒತ್ತಿದ,
ಪಕ್ಕದಲ್ಲಿ ಮಗಳು ಬರೆದಳು.

ಮಗಳದ್ದು ಮುಗಿಯಿತು. ಮಗನದ್ದು ಉಳಿದಿತ್ತು.
ಅವನ ಕನ್ನಡ ಗೇಟಿನ ಅಳತೆಯದು:
ತಿಂಗಳಾತ್ರಿ, ಚಿಲ್ಲರ ಇಲ್ರಿ, ನಾಳೆ ಬರ್ತೀನ್ರಿ.
"ಖಗೇಂದ್ರಗ ಗಣಿತದಾಗ ಒಂಬತ್ತು. ದಿನಾ ಬೆಂಚಿನ ಮ್ಯಾಲೆ ನಿದ್ದಿ.
ಹಿಂಗಾದ್ರ ಹತ್ತನೇತ್ತಾ ದಾಟೂದಿಲ್ಲ..." ನಾನು ಉದ್ದಕ್ಕೆ ಹೇಳಿದೆ.
ಜೂನ್‌ಮಾಯಾ ನಾಲ್ಕು ಶಬ್ದದಲ್ಲಿ ಮುಗಿಸಿದಳು.
ಅಪ್ಪ ನಕ್ಕು ಕೈಮುಗಿದ,
ಹುಡುಗ ನೆಲ ನೋಡಿದ.
"ಏನಂದಿ ಅವರಿಗೆ?"
"ನೀವಂದಿದ್ದ ರೀ ಟೀಚರ್. ಒತ್ತಕ್ಷರ ಅಷ್ಟ ತಗದೆ."

ಆ ರಾತ್ರಿ ಎರಡಕ್ಕೆ ಎಚ್ಚರಿದ್ದೆ.
ಕೋಲು ಕಂಬಕ್ಕೆ ತಾಗಿತು, ಸೀಟಿ ನಮ್ಮ ಓಣಿ ಹಾಯಿತು.
ಹಿಂದೆಯೇ ಇನ್ನೊಂದು ಸೀಟಿ,
ಸಣ್ಣದು, ಉಸಿರು ಸಾಲದ್ದು,
ಊದಲು ಇನ್ನೂ ಕಲಿಯುತ್ತಿರುವುದು.

ಒಂದನೇ ತಾರೀಖು ಅವನು ವಹಿ ಮುಂದೆ ಹಿಡಿದ.
ಮೊದಲೆಲ್ಲ ಅದರಲ್ಲಿ ಬರೀ ಗೀಟು, ಚುಕ್ಕೆ.
ಈಗ ನನಗೆ ಗೊತ್ತಿರುವ ಗುಂಡಕ್ಷರ;
ಹೆಸರಿನ ಜಾಗದಲ್ಲಿ ನನ್ನ ಹೆಸರಿಲ್ಲ.
"ಹಳದಿ ಗೇಟು. ಮೂವತ್ತು. ಹಿಂದಿನ ತಿಂಗಳದ್ದೂ ಬಾಕಿ."
ಕೆಂಪು ಪೆನ್ನಿನ ಚಟಕ್ಕೆ ಎರಡೆರಡು ಸಲ ಓದಿದೆ.
ಒಂದೂ ತಪ್ಪಿರಲಿಲ್ಲ.