ಎಡಗಿವಿ

ನಮ್ಮ ಬೆನ್ನಿಗೇ ಟ್ರಂಪೆಟ್ಟುಗಳು.
ಟಾಲಿನ್‌ನ ಆಪೆರಾ ಮನೆ, ವೇದಿಕೆಯ ಕೆಳಗಿನ ತಗ್ಗು,
ಐವತ್ತೆಂಟು ಜನ,
ಬಿಲ್ಲು ಪೂರ್ತಿ ಎಳೆದರೆ ಪಕ್ಕದವರ ಮೊಣಕೈ.
ವಿಯೋಲಾದ ಮೂರನೆಯ ಸಾಲಿನಲ್ಲಿ ಹಿಲ್ವೆ, ನಾನು.
ಹಾಳೆ ತಿರುವುವುದು ನನ್ನ ಪಾಲಿನ ಕೆಲಸ.
ಹತ್ತೊಂಬತ್ತು ವರ್ಷದಿಂದ ತಿರುವುತ್ತಿದ್ದೇನೆ.

ಚಾಡಿ ನಂಬುವವರದು ಹಿತ್ತಾಳೆ ಕಿವಿಯಂತೆ.
ನಮ್ಮದೂ ಹಿತ್ತಾಳೆಯದೇ,
ದಿನಕ್ಕೆ ಮೂರು ಗಂಟೆ ಕಾಯಿಸಿ ಹೊಯ್ದದ್ದು.

ಜೂನ್. ಮಧ್ಯಂತರ.
ಹಿಂಬಾಗಿಲ ಮೆಟ್ಟಿಲ ಮೇಲೆ ಕೂತು
ಕಪ್ಪು ರೊಟ್ಟಿ ಕಡಿಯುತ್ತ ಹಿಲ್ವೆ ಅಂದಳು:
“ಈ ವರ್ಷ ಬಾನಾಡಿಗಳು ಬರಲೇ ಇಲ್ಲ ನೋಡು.”
ತಲೆ ಎತ್ತಿದೆ.
ಎರಡು ಗೋಡೆಗಳ ನಡುವೆ ಸೀಳಿಟ್ಟಷ್ಟು ಆಕಾಶದಲ್ಲಿ
ಕುಡುಗೋಲು ರೆಕ್ಕೆಯ ಇಪ್ಪತ್ತೋ ಮೂವತ್ತೋ
ಗಾಜಿನ ಮೇಲೆ ಮೊಳೆ ಎಳೆದ ಹಾಗೆ ಚೀರುತ್ತ
ಸುತ್ತು ಹೊಡೆಯುತ್ತಿದ್ದವು.
ಹಿಲ್ವೆ ರೊಟ್ಟಿಯನ್ನೇ ನೋಡುತ್ತಿದ್ದಳು.
“ಹೂಂ” ಅಂದೆ.
ಒಂದೇ ಅಕ್ಷರದ ಸುಳ್ಳು. ಅದು ಕೇಳಿಸಿತು ಅವಳಿಗೆ.

ಆಮೇಲೆ ಒಂದೊಂದೇ ಲೆಕ್ಕಕ್ಕೆ ಬಂತು:
ಅಡುಗೆಕೋಣೆಯಲ್ಲಿ ಕೆಟಲ್ಲು ಶಿಳ್ಳೆ ಹೊಡೆಯುತ್ತಲೇ ಇದ್ದದ್ದು,
ಸಕಾರಗಳು ಉದುರಿಹೋದ ಪ್ರಶ್ನೆಗೆ
ಅಂದಾಜಿನ ಉತ್ತರ,
ನಿರ್ದೇಶಕರ ಹಳೇ ಜೋಕಿಗೆ
ಎಲ್ಲರಿಗಿಂತ ಅರೆಗಳಿಗೆ ತಡವಾಗಿ ನಗು,
ಅದೂ ಲಯ ತಪ್ಪದ ಹಾಗೆ.

ತಪಾಸಣೆಗೆ ಹೋದದ್ದು ಮಾತ್ರ ನಾನು.
ಗಾಜಿನ ಗೂಡು. ಕೈಯಲ್ಲೊಂದು ಗುಂಡಿ.
ಕೇಳಿಸಿದಾಗ ಒತ್ತಬೇಕು.
ಒತ್ತಿದೆ. ಒತ್ತಿದೆ. ಆಮೇಲೆ ಬಹಳ ಹೊತ್ತು
ಆಕೆ ಏನೂ ಕೇಳಿಸುತ್ತಿಲ್ಲ, ಚಹಾಕ್ಕೆ ಎದ್ದು ಹೋಗಿದ್ದಾಳೆ
ಅಂದುಕೊಂಡೆ.
ಕಾಗದದಲ್ಲಿ ಬಲಗಿವಿಯ ಗೆರೆ ಮೇಜಿನಂತೆ ಸಮ.
ಎಡಗಿವಿಯದು ನಡೆಯುತ್ತ ನಡೆಯುತ್ತ
ತಟ್ಟನೆ ಬಾವಿಗೆ ಬಿದ್ದಿತ್ತು.
“ಟ್ರಂಪೆಟ್ಟಿನವರನ್ನೇ ಬೈಯಬೇಡಿ.
ಅರ್ಧ ನಿಮ್ಮ ವಾದ್ಯದ್ದೇ.
ಎಡಗಿವಿಗೂ ತಂತಿಗೂ ಗೇಣಿನಷ್ಟು ದೂರವಿಲ್ಲವಲ್ಲ.”

ಮೂವತ್ತು ವರ್ಷ ಗಲ್ಲಕ್ಕೆ ಒತ್ತಿ ಮಲಗಿಸಿಕೊಂಡದ್ದು.
ಕಿವಿ ಕಚ್ಚುವುದೆಂದರೆ
ಗುಟ್ಟು ಹೇಳುವುದು ಅಂತಲೇ ತಿಳಿದಿದ್ದೆ.

ಕಿವಿಯೊಳಕ್ಕೆ ತಣ್ಣನೆಯ ಹಿಟ್ಟು ತುಂಬಿ ಅಚ್ಚು ತೆಗೆದರು.
ಎರಡು ವಾರಕ್ಕೆ ಪುಟ್ಟ ಡಬ್ಬಿಯಲ್ಲಿ
ಜೇನುಬಣ್ಣದ ಜೋಡಿ ಬಸವನಹುಳ.
ಹಾಕಿಕೊಂಡು ನುಡಿಸಿದ ಮೊದಲ ದಿನ
ನನ್ನ ದವಡೆ, ನನ್ನ ಉಸಿರು, ನುಂಗಿದ ಎಂಜಲು,
ಇವುಗಳದೇ ಕಛೇರಿ.
ವಿಯೋಲಾವನ್ನು ಪಕ್ಕದ ಮನೆಯಲ್ಲಿ ಯಾರೋ
ಬಾಗಿಲು ಹಾಕಿಕೊಂಡು ನುಡಿಸುತ್ತಿದ್ದರು.
ಉರ್ಮಾಸ್ ಹಿಂದಿನಿಂದ ಬಾಗಿ,
“ಬೆಣ್ಣೆ ಸವರಲು ಕೈಗವಸೇ?” ಅಂದ.
ಅವನ ಕೋಟಿನ ಕಿಸೆಯಲ್ಲೂ ಅಂಥದೇ ಡಬ್ಬಿಯಿದೆ.
ನೋಡಿದ್ದೇನೆ.
ಇಲ್ಲಿ ಕಿವಿ ಹೋಯಿತೆಂದರೆ ಕುರ್ಚಿ ಹೋದ ಹಾಗೆ.

ಹಿಲ್ವೆಗೆ ಹೇಳಲಿಲ್ಲ.
ಡಬ್ಬಿಯನ್ನು ಮುಚ್ಚಳ ತೆರೆದು
ನಮ್ಮಿಬ್ಬರ ಸ್ಟ್ಯಾಂಡಿನ ಅಂಚಿಗೆ ಇಡುತ್ತೇನೆ,
ಪೆನ್ಸಿಲ್ಲಿನ ಪಕ್ಕ.
ಅವಳು ಪೆನ್ಸಿಲ್ ಎತ್ತಿಕೊಳ್ಳುತ್ತಾಳೆ.

ಶ್ರುತಿ ಮಾಡಿಕೊಳ್ಳುವಾಗ ಈಗ ಅವಳನ್ನೇ ಗಮನಿಸುತ್ತೇನೆ:
ಕಣ್ಣು ಮುಚ್ಚಿ, ದವಡೆಯನ್ನು ಮರಕ್ಕೆ ಒತ್ತಿ,
ಮೂಳೆಯಿಂದ ಕೇಳುತ್ತಾಳೆ.
ಕೂದಲೆಳೆಯಷ್ಟೂ ಆಚೀಚೆ ಇಲ್ಲ.
ಕಷ್ಟವಿರುವುದು ಮೂರನೆಯ ಅಂಕದಲ್ಲಿ.
ನಲವತ್ತು ಎಣಿಕೆ ಸುಮ್ಮನಿದ್ದು ನಾವು ಸೇರಬೇಕಾದ ಕಡೆ
ಸುಳಿವು ಕೊಡುವುದು ಪಿಕ್ಕೊಲೊ,
ಬಾನಾಡಿಗಳ ಎತ್ತರದಲ್ಲಿ.
ನಾನು ಬಿಲ್ಲನ್ನು ಒಂದೆಳೆ ಮೊದಲೇ ಎತ್ತುತ್ತೇನೆ,
ಉಸಿರನ್ನು ಕಣ್ಣಿಗೆ ಕಾಣುವ ಹಾಗೆ ಎಳೆದುಕೊಳ್ಳುತ್ತೇನೆ.
ಅವಳು ಇತ್ತ ತಿರುಗುವುದಿಲ್ಲ. ಅವಳ ಭುಜ ನೋಡಿಕೊಳ್ಳುತ್ತದೆ.
ಒಟ್ಟಿಗೇ ಇಳಿಯುತ್ತೇವೆ ತಂತಿಗೆ.

ಸೆಪ್ಟೆಂಬರಿನ ಎರಡನೆಯ ಶುಕ್ರವಾರ,
ಆಕಾಶ ನಿಜವಾಗಿಯೂ ಖಾಲಿಯಾದ ಮೇಲೆ,
ಅದೇ ಅಂಕ, ಅದೇ ಹಾಳೆ.
ನಾನು ತಿರುವಬೇಕಾದ ಮೂಲೆಯಲ್ಲಿ
ಪೆನ್ಸಿಲ್ಲಿನ ಸಣ್ಣ ಅಕ್ಷರ:
ಬಂದಿದ್ದವಾ?

ಒಂಬತ್ತು ಎಣಿಕೆ ಬಾಕಿಯಿತ್ತು.
ಪೆನ್ಸಿಲ್ ಇಸಿದುಕೊಂಡೆ,
ಕೆಳಗೆ ‘ಹೂಂ’ ಅಂತ ಬರೆದು
ಹಾಳೆ ತಿರುವಿದೆ.