ಗುಳ್ಳೆ

ಲಾ ಸ್ಪೆತ್ಸಿಯಾ ಬಂದರಿನಲ್ಲಿ ಮೊದಲ ಸಲ
ಕಮಾಂಡರ್ ಒರೆಸ್ತೆ ಕಾನೆಪಾ ಮುಳುಗಿದಾಗ
ಮೈಗೆ ಭಾವ ಹೊಲಿದುಕೊಟ್ಟ ರಬ್ಬರು ಅಂಗಿ,
ಎದೆಗೆ ಗಣಿಯಿಂದ ತರಿಸಿದ ಉಸಿರುಚೀಲ.
ಎರಡು ಸಲ ಹೆಣದ ಹಾಗೆ ಮೇಲೆತ್ತಿದರು.
ಮೂರನೆಯ ಸಲ
ದಡದಲ್ಲಿ ಕೂತವರು ನೀರನ್ನೇ ದಿಟ್ಟಿಸಿದರು.
ಒಂದು ಗುಳ್ಳೆಯೂ ಏಳಲಿಲ್ಲ.
ಸಂಜೆ, ಅಡ್ಮಿರಲ್ಲರ ಸ್ವಂತ ಹಡಗಿನ ತಳದಿಂದ ಕಿತ್ತ
ಒದ್ದೆ ಚಿಪ್ಪೊಂದು ಅವರ ಮೇಜಿನ ಮೇಲಿತ್ತು.

ನಮಗೆ ಕಲಿಸಿದ್ದು ಇಷ್ಟೇ:
ಕೈ ಬೀಸಬೇಡಿ. ನೀವು ಬಂದದ್ದು ನೀರಿಗೂ ಗೊತ್ತಾಗಬಾರದು.
ಹನ್ನೊಂದು ಮಂದಿ
ಯಾರಿಗೂ ಗೊತ್ತಾಗದ ಹಾಗೆಯೇ ಹೋದರು;
ಅವರ ತಾಯಂದಿರ ಹೆಸರೆಲ್ಲ
ಅವನಿಗೆ ಕೊನೆತನಕ ಬಾಯಿಪಾಠ.

ನಿನ್ನೆ ಇಗರ್ಜಿಯಲ್ಲಿ, ಪೆಟ್ಟಿಗೆಯ ಎದುರು,
ಬದುಕು ನೀರ ಮೇಲಿನ ಗುಳ್ಳೆ ಎಂದರು ಪಾದ್ರಿ.
ಹಿಂದಿನ ಬೆಂಚಿನ ನಾವು ನಾಲ್ವರು ಮುದುಕರು
ನಗು ತಡೆಯಲು
ಉಸಿರು ಬಿಗಿಹಿಡಿದೆವು,
ಅವನು ಕಲಿಸಿದ ಹಾಗೆ.